ಮದಾರಸಾಬರ ಗ್ಯಾರೇಜಿಗೆ ಹೊಸ ನೆಲ

ಬಣ್ಣದ ಅಂಗಡಿ ಇಟ್ಟವನಿಗೆ ಎರಡೇ ಬಗೆಯ ಗಿರಾಕಿಗಳು ಗೊತ್ತು. ಬಂದು, ಬೆರಳು ತೋರಿಸಿ, "ಅದನ್ನ ಕೊಡ್ರಿ" ಎಂದು ಒಯ್ಯುವವರು ಒಂದು ಬಗೆ. ಇದ್ದಬದ್ದ ಡಬ್ಬಿಗಳನ್ನೆಲ್ಲ ಇಳಿಸಿ, ಮುಚ್ಚಳ ತೆಗೆಸಿ, ವಾಸನೆ ನೋಡಿ, "ಮನ್ಯಾಗ ಕೇಳಿ ಬರ್ತೀನಿ" ಎಂದು ಎದ್ದು ಹೋಗುವವರು ಇನ್ನೊಂದು ಬಗೆ. ಟಿಳಕವಾಡಿಯ ನನ್ನ ಅಂಗಡಿಗೆ ಈ ಎರಡಕ್ಕೂ ಸೇರದ ಗಿರಾಕಿ ಬಂದದ್ದು ಒಮ್ಮೆ ಮಾತ್ರ. ಅವರು ಬಣ್ಣ ನೋಡಲಿಲ್ಲ, ಡಬ್ಬಿ ಮುಟ್ಟಲಿಲ್ಲ. ಜೇಬಿನಿಂದ ಜೋಳದ ಕಾಳಿನಷ್ಟು ಸಣ್ಣ ಸ್ಕ್ರೂ ತೆಗೆದು ನನ್ನ ಮುಂದಿಟ್ಟು, "ಅಣ್ಣಾರ, ಇದು ಬಿದ್ರ ಕಣ್ಣಿಗೆ ಕಾಣಬೇಕು. ಅಂಥಾ ನೆಲ ಯಾವುದೈತಿ ಹೇಳ್ರಿ" ಎಂದರು.

ಅವರೇ ಮದಾರಸಾಬ. ನನಗೆ ಹೊಸಬರಲ್ಲ. ವಡಗಾವಿಯಲ್ಲಿ ನಮ್ಮ ಮನೆಯ ಹಿಂದೆ ಹಳೆಯ ಮಗ್ಗದ ಶೆಡ್ಡು ಇದೆ. ಮಗ್ಗಗಳು ಹೋದ ಮೇಲೆ ಅದರಲ್ಲಿ ಬೈಕು, ಸ್ಕೂಟರುಗಳ ಗ್ಯಾರೇಜು ಇಟ್ಟಿರುವವರು ಅವರೇ. ಬೆಳಿಗ್ಗೆ ಎದ್ದರೆ ನಾನು ಮೊದಲು ಕೇಳುವುದು ನನ್ನ ಅವ್ವನ ಬೈಗುಳ, ಆಮೇಲೆ ನಟ್ಟು ತಿರುಗಿಸುವ ಅವರ ಪಾನೆಯ ಸದ್ದು.

ಮೂಲತಃ ಅವರು ಖಾನಾಪುರದ ಆಚೆಯ ಗುಂಜಿಯವರು, ಕಾಡಂಚಿನ ಊರಿನವರು. ಹುಡುಗನಾಗಿದ್ದಾಗ ಸ್ಟೇಷನ್ನಿಗೆ ಬರುವ ರೈಲನ್ನು ಹಾಸಿಗೆಯಲ್ಲಿ ಮಲಗಿಯೇ ಸದ್ದಿನಿಂದ ಗುರುತು ಹಿಡಿಯುತ್ತಿದ್ದರಂತೆ. ಆ ಕಿವಿ ಈಗ ಬೈಕುಗಳಿಗೆ ಬಂದಿದೆ. ಗಾಡಿ ಇನ್ನೂ ಓಣಿಯ ತಿರುವಿನಲ್ಲಿರುವಾಗಲೇ, "ಚೈನ್ ಸಡ್ಲ ಆಗೇತಿ, ಮಾಲಕರೂ ಸಡ್ಲ ಅದಾರ" ಎಂದುಬಿಡುತ್ತಾರೆ. ಎರಡೂ ನಿಜವಾಗಿರುತ್ತವೆ. ಎಂಥ ಮುರಿದ ಗಾಡಿ ಬಂದರೂ ಆಗುವುದಿಲ್ಲ ಎಂಬ ಮಾತು ಅವರ ಬಾಯಲ್ಲಿ ಇಲ್ಲ. "ತಡೀರಿ, ನೋಡೂಣು" ಎನ್ನುತ್ತಾರೆ. ಅವಸರದ ಗಿರಾಕಿ ಕುದಿಯುತ್ತಿದ್ದರೂ ಇವರು ತಣ್ಣಗಿರುತ್ತಾರೆ. ನನಗೆ ಆ ಸಮಾಧಾನ ಕಂಡರೆ ಮೈ ಉರಿಯುತ್ತದೆ. ಮನುಷ್ಯನಾದ ಮೇಲೆ ದಿನಕ್ಕೆ ಒಂದು ಸಲವಾದರೂ ಸಿಟ್ಟಿಗೇಳಬೇಡವೇ?

ಆದರೆ ಕಿವಿ ಎಷ್ಟು ಚುರುಕಿದ್ದರೇನು, ಮೊಣಕಾಲು ಕೈಕೊಟ್ಟಿದ್ದವು. ಬೈಕಿನ ಮಿಸ್ತ್ರಿಯ ಬದುಕೆಲ್ಲ ಕುಕ್ಕರಗಾಲಲ್ಲೇ ಕಳೆಯುತ್ತದೆ. ಗೇಣು ಎತ್ತರದ ಮಣೆ, ಅದರ ಮೇಲೆ ಕೂತರೆ ಮೊಣಕಾಲು ಗದ್ದಕ್ಕೆ ತಾಗಬೇಕು. ವರ್ಷಗಟ್ಟಲೆ ಹಾಗೆ ಕೂತು ಅವರ ಮೊಣಕಾಲು ಊದಿಕೊಂಡು ಗಡ್ಡೆಯಾಗಿದ್ದವು. ಅದರ ಮೇಲೆ ಆ ನೆಲ. ಕಾಂಕ್ರೀಟು ಆಯಿಲ್ ಕುಡಿದು ಕುಡಿದು ಕಾಡಿಗೆಯಂತಾಗಿತ್ತು. ಕೈತಪ್ಪಿ ಒಂದು ಸ್ಕ್ರೂ ಬಿದ್ದರೆ ಮುಗಿಯಿತು, ನಾಲ್ಕೂ ಕಾಲಲ್ಲಿ ಅಂಬೆಗಾಲಿಟ್ಟು, ಬ್ಯಾಟರಿ ಹಿಡಿದು ಹುಡುಕಬೇಕು.

ಒಂದು ಮಧ್ಯಾಹ್ನ ಅವರ ಹೆಂಡತಿ ನೂರಜಹಾನ ಭಾಭಿ ಊಟದ ಡಬ್ಬಿ ತಂದಾಗ ಸಾಹೇಬರು ಹಾಗೆಯೇ ನೆಲದ ಮೇಲಿದ್ದರು. ಸ್ಕ್ರೂ ಸಿಕ್ಕಿತ್ತು, ಏಳಲು ಮಾತ್ರ ಬರುತ್ತಿರಲಿಲ್ಲ. ಸ್ಕೂಟರಿನ ಸೀಟು ಹಿಡಿದು ಎದ್ದರೆ ಸ್ಕೂಟರೇ ಮೈಮೇಲೆ ಬೀಳುವಂತಿತ್ತು. ಭಾಭಿ ಡಬ್ಬಿಯನ್ನು ಅಲ್ಲಿಯೇ ಇಟ್ಟು ತಿರುಗಿ ಹೋದರು. ಮರಳಿ ಬಂದಾಗ ಕೈಯಲ್ಲಿ ಅಂಗೈ ಅಗಲದ ಹೊಸ ಬೀಗ ಇತ್ತು. ಅದನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ಊಟಕ್ಕೆ ಮನೆಗೆ ಬಂದಿದ್ದ ನನಗೂ ಕೇಳುವಂತೆ ಹೇಳಿದರು: "ಮಗಳು ನಿಖತ ಸಾಲಿಯಾಗ ಟೀಚರ್ ಆಗ್ಯಾಳ. ಅನ್ನಕ್ಕ ಕಡಿಮಿ ಇಲ್ಲ. ಇನ್ನೊಮ್ಮಿ ಹಿಂಗ ಬಿದ್ದಿದ್ದು ನೋಡಿದ್ನೆಂದ್ರ ಈ ಕೀಲಿ ಈ ಬಾಗಲಕ್ಕ. ಆಮ್ಯಾಲೆ ತೆಗ್ಯಾಕಿ ಅಲ್ಲ ನಾ."

ಭಾಭಿ ಆಡಿದ್ದನ್ನು ಮಾಡುವವರು. ಅದಕ್ಕೇ ಸಾಹೇಬರು ಸ್ಕ್ರೂ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಿದ್ದರು. "ಹೊಟ್ಟಿಗಂತ ಅಲ್ರೀ ಅಣ್ಣಾರ," ಎಂದರು, "ಅಲ್ಲಿ ಬಂದು ಕುಂತೆ ಅಂದ್ರ ನನ್ನ ಜೀವಕ್ಕ ತಂಪ ಆಗತೈತಿ. ಮನ್ಯಾಗ ಕುಂತ್ರ ನಾ ಯಾರು ಅನ್ನೋದ ಮರತ ಹೋಕ್ಕೈತಿ." ಅಷ್ಟು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಸಲಹೆ ಕೊಡುವುದರಲ್ಲಿ ಈ ಗುರುಪುತ್ರಪ್ಪನನ್ನು ಬಿಟ್ಟರೆ ಇಲ್ಲ ಎಂದು ಊರಿಗೆಲ್ಲ ಗೊತ್ತು. ಕೇಳದವರಿಗೂ ಕೊಡುವವನು, ಕೇಳಿದವರಿಗೆ ಬಿಡುತ್ತೇನೆಯೇ? ನೆಲಕ್ಕೆ ಬಳಿಯುವ ಸಾದಾ ಪೇಂಟು ಬೇಡ ಎಂದೆ. ಬಿಸಿ ಟೈರು ನಿಂತರೆ ಅದು ಟೈರಿನ ಜೊತೆಗೇ ಎದ್ದು ಹೋಗುತ್ತದೆ, ಪೆಟ್ರೋಲು ಬಿದ್ದರೆ ಕರಗುತ್ತದೆ. ಫರಸಿ ಕಲ್ಲು ಹಾಸಿದರೆ ಸ್ಟ್ಯಾಂಡಿನ ಏಟಿಗೆ ಒಡೆಯುತ್ತದೆ. ಬಾಳಿಕೆ ಬೇಕಾದರೆ ಎಪಾಕ್ಸಿ. ಎರಡು ಡಬ್ಬಿಯ ಸಾಮಾನು, ಕಲಸಿದ ಮೇಲೆ ಗಡುಸಾಗಿ ಕಾಂಕ್ರೀಟನ್ನು ಕಚ್ಚಿಕೊಂಡರೆ ಉಳಿ ಹಾಕಿದರೂ ಬಿಡದು. ತಿಳಿ ಬೂದಿ ಬಣ್ಣ ಹಾಕಿಸಿದರೆ ಸ್ಕ್ರೂ ಏನು, ಇರುವೆಯೂ ಕಾಣುತ್ತದೆ.

ಸಾಹೇಬರು ಎಲ್ಲ ಕೇಳಿಸಿಕೊಂಡು, "ಆಯಿಲ್ ಬಿದ್ದಾಗ ಜಾರೂದಿಲ್ಲೇನ್ರಿ?" ಎಂದರು.

ನಿಜ ಹೇಳಬೇಕೆಂದರೆ, ಅದು ನನಗೆ ಗೊತ್ತಿರಲಿಲ್ಲ. ನಾನು ಮಾರಿದ್ದೆ, ಅದರ ಮೇಲೆ ನಡೆದಿರಲಿಲ್ಲ. ಖಾನಾಪುರದಲ್ಲಿ ಕಾರಿನ ಗ್ಯಾರೇಜಿಟ್ಟ ಸಿದರಾಯ ನನ್ನಿಂದಲೇ ಅದನ್ನು ಒಯ್ದಿದ್ದ. "ನಡೀರಿ, ಹೋಗಿ ನೋಡೇ ಬಿಡೂಣು" ಎಂದೆ. ಬೇಸಿಗೆಯ ಒಂದು ರವಿವಾರ ಇಬ್ಬರೂ ಬಸ್ಸು ಹತ್ತಿದೆವು. ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಂಡಿದ್ದರು. ಕನ್ಯೆ ನೋಡಲು ಹೊರಟ ಹಾಗಿದೆಯಲ್ಲ ಎಂದು ಛೇಡಿಸಿದೆ. "ಹೌದಲ್ರಿ, ಮುಂದ ಜಲ್ಮೆಲ್ಲ ಅಕಿ ಜೋಡಿನ ಬಾಳೇ ಮಾಡಬೇಕಲ್ಲ" ಎಂದರು.

ಸಿದರಾಯ ನಮ್ಮನ್ನು ಕಂಡು, "ಯಾ, ಯಾ, ಬಸಾ" ಎಂದು ಮರಾಠಿಯಲ್ಲಿ ಕರೆದು, ಕನ್ನಡದಲ್ಲಿ ಚಹಾ ಹೇಳಿ, ಎರಡೂ ಭಾಷೆಯಲ್ಲಿ ತನ್ನ ನೆಲವನ್ನು ಹೊಗಳಿದ. ನೆಲ ಹೊಗಳುವಂತೆಯೇ ಇತ್ತು. ಬಾಗಿಲಲ್ಲಿ ನಿಂತರೆ ಒಳಗಿನ ಟ್ಯೂಬ್‌ಲೈಟು ಕೆಳಗೂ ಒಂದು ಕಾಣುತ್ತಿತ್ತು. ಮದಾರಸಾಬರು ದರ್ಗಾದ ಹೊಸ್ತಿಲಲ್ಲಿ ಬಿಡುವಂತೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಜೇಬಿನಿಂದ ಅದೇ ಸ್ಕ್ರೂ ತೆಗೆದು ಕೈಬಿಟ್ಟರು. ಟಿಣ್ ಎಂದು ಬಿತ್ತು, ಉರುಳಿತು, ನಿಂತಿತು. ನಿಂತ ಜಾಗದಲ್ಲೇ ಕಂಡಿತು. ಕನ್ಯೆ ಒಪ್ಪಿಗೆಯಾದಳು ಎಂದು ಅವರ ಮುಖದ ಮೇಲೆಯೇ ಬರೆದಿತ್ತು.

ಆಮೇಲೆ ಅವರು ಒಂದು ಬಟ್ಟಲು ನೀರಿಗೆ ನಾಲ್ಕು ಹನಿ ಆಯಿಲ್ ಹಾಕಿಸಿ ನೆಲಕ್ಕೆ ಚೆಲ್ಲಿದರು. ಅದರ ಮೇಲೆ ಕಾಲಿಟ್ಟರು. ಸಿದರಾಯ ರಟ್ಟೆ ಹಿಡಿಯದಿದ್ದರೆ ನಾವು ಅವರನ್ನು ಎತ್ತಿಕೊಂಡೇ ಬೆಳಗಾವಿಗೆ ಬರಬೇಕಾಗುತ್ತಿತ್ತು. ಆಗ ಸಿದರಾಯ ಹೊಗಳುವುದನ್ನು ನಿಲ್ಲಿಸಿ ಖರೇ ಮಾತು ಆಡಿದ. "ನಾನೂ ಬಿದ್ದೀನ್ರಿ, ನಮ್ಮ ಸಾಹುಕಾರ ಗಿರಾಕಿನೂ ಬಿದ್ದಾರ. ಮೊದಲನೇ ಕೈ ಬಣ್ಣ ಹಸಿ ಇದ್ದಾಗ ಮ್ಯಾಲೆ ಸಣ್ಣ ಉಸುಕ ಚೆಲ್ಲಿ ಇನ್ನೊಂದು ಕೈ ಹೊಡಸ್ರಿ. ಥಳಕು ಹೊಕ್ಕೈತಿ, ಸೊಂಟ ಉಳೀತೈತಿ."

ಸೊಂಟ ಉಳಿಯುವುದಾದರೆ ಥಳಕು ಯಾರಿಗೆ ಬೇಕು? ಅಲ್ಲಿಗೆ ಆಯ್ಕೆ ಮುಗಿಯಿತು: ತಿಳಿ ಬೂದಿ ಎಪಾಕ್ಸಿ, ಉಸುಕು ಬೆರೆಸಿ. ಬಸ್ ಸ್ಟ್ಯಾಂಡಿನ ಹತ್ತಿರ ಕಾಡಿನ ಕಡೆಯ ಹೆಂಗಸರು ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಮಾರುತ್ತಿದ್ದರು. ಸಾಹೇಬರು ಒಂದು ದೊನ್ನೆ ಕೊಂಡರು. ತಮಗಲ್ಲ, ನಮ್ಮ ಅವ್ವನಿಗೆ.

ನಮ್ಮ ಅವ್ವ ಬಸವಣ್ಣೆವ್ವನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಹೋದರೆ ಬಯ್ಯುತ್ತಾಳೆ. ವಯಸ್ಸು ಎಂಬತ್ತು ದಾಟಿದೆ. ಕೈಯಲ್ಲಿ ಕೋಲಿದೆ, ಅದು ನಡೆಯಲಿಕ್ಕಲ್ಲ, ತೋರಿಸಿ ಮಾತಾಡಲಿಕ್ಕೆ. ಸ್ನಾನ ಮಾಡಿ, ಇಷ್ಟಲಿಂಗ ಪೂಜೆ ಮುಗಿಸಿ, ಹಿತ್ತಲ ಬಾಗಿಲಲ್ಲಿ ಬಂದು ನಿಂತಳೆಂದರೆ ಗ್ಯಾರೇಜಿನ ಮೇಲ್ವಿಚಾರಣೆ ಶುರು. ಯಾವ ಗಾಡಿ ಹೋಗಿಲ್ಲ, ಯಾರು ಗಿರಾಕಿ, ಸಾಹೇಬರು ಉಂಡರೋ ಇಲ್ಲವೋ, ಎಲ್ಲ ಅವಳಿಗೆ ಬೇಕು. ಇವರಿಗೆ ಅವಳು 'ಅವ್ವಾರ', ಅವಳಿಗೆ ಇವರು 'ಮದಾರಪ್ಪ'. ಹೊಟ್ಟೆಯಲ್ಲಿ ಹುಟ್ಟಿದ ನನಗಿಂತ ಅವರಿಗೇ ಬೈಗುಳ ಸ್ವಲ್ಪ ಕಡಿಮೆ.

ಕೆಲಸ ಶುರುವಾಯಿತು. ಗಾಡಿಗಳನ್ನೂ ಸಾಮಾನುಗಳನ್ನೂ ಅಂಗಳಕ್ಕೆ ಹಾಕಿ, ಸೋಡಾ ಪುಡಿಯಿಂದ ನೆಲ ತಿಕ್ಕಿ, ಎಣ್ಣೆ ಕುಡಿದ ಮೇಲ್ಪದರವನ್ನು ಮಷೀನಿನಿಂದ ಕೆರೆದು ತೆಗೆದೆವು. ಕೆಳಗಿನಿಂದ ಪಸೆ ಏರುವ ನೆಲಕ್ಕೆ ಎಪಾಕ್ಸಿ ಕಚ್ಚುವುದಿಲ್ಲ. ಅದನ್ನು ತಿಳಿಯಲು ಸುಲಭದ ಉಪಾಯ ಇದೆ: ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪಿನಿಂದ ನೆಲಕ್ಕೆ ಅಂಟಿಸಿ ಬಿಡಬೇಕು, ಮರುದಿನ ಹಾಳೆಯ ಒಳಗೆ ಬೆವರು ಕಂಡರೆ ಪಸೆ ಇದೆ ಎಂದರ್ಥ. ನಾವು ಬಾಗಿಲ ಹತ್ತಿರ ಹಾಳೆ ಅಂಟಿಸಿದೆವು. ಮರುದಿನ ಎಬ್ಬಿಸಿದರೆ ಒಣ ಒಣ.

"ಒಂದ ಕಡೆ ನೋಡಿದ್ರ ಸಾಕೇನೋ?" ಎಂದಳು ಅವ್ವ, ಹಿತ್ತಲ ಬಾಗಿಲಿಂದ.

"ಅನ್ನ ಬೆಂದೈತಿಲ್ಲೋ ನೋಡಾಕ ಒಂದ ಅಗಳ ಸಾಕ ಬೇ" ಎಂದೆ. ಮಾತು ಚೆನ್ನಾಗಿ ಬಂತು ಎಂದು ನನಗೇ ಖುಷಿಯಾಯಿತು. ಸಾಹೇಬರೂ ತಲೆಯಾಡಿಸಿದರು.

ಎರಡೂ ಡಬ್ಬಿ ಕಲಸಿ, ರೋಲರಿನಿಂದ ಎಳೆದು, ಉಸುಕು ಚೆಲ್ಲಿ, ಒಣಗಿದ ಮೇಲೆ ಮತ್ತೊಂದು ಕೈ ಎಳೆದೆವು. ಗಡುಸಾಗುವವರೆಗೆ ಯಾರೂ ಕಾಲಿಡದಂತೆ ಅವ್ವ ಕೋಲು ಹಿಡಿದು ಕಾವಲು ಕೂತಳು. ಗಾಡಿಗಳು ಒಳಗೆ ಬಂದ ದಿನ ಓಣಿಯ ಮಂದಿಯೆಲ್ಲ ನೋಡಲು ಬಂದರು. ಮೊದಲ ಸ್ಕ್ರೂ ಬಿತ್ತು, ಕಂಡಿತು. ಸಾಹೇಬರು ಅದನ್ನೆತ್ತಿ ನನಗೆ ತೋರಿಸಿದರು, ನಾನೇ ಹಡೆದಂತೆ ಬೀಗಿದೆ. ಭಾಭಿ ಮಾತ್ರ ನೆಲ ನೋಡಲಿಲ್ಲ, ಮಣೆಯಿಂದ ಗಂಡ ಹೇಗೆ ಏಳುತ್ತಾರೆ ಎಂಬುದನ್ನು ನೋಡಿದರು. ಕೀಲಿ ಮೊಳೆಯಲ್ಲೇ ಉಳಿಯಿತು.

ಆಮೇಲೆ ಮಳೆ ಹಿಡಿಯಿತು. ಬೆಳಗಾವಿಯ ಮಳೆ ಬಂದ ನೆಂಟ, ಬೇಗ ಹೋಗುವವನಲ್ಲ. ಒಂದು ಬೆಳಿಗ್ಗೆ ಶೆಡ್ಡಿನ ನಟ್ಟನಡುವೆ, ಸರಿಯಾಗಿ ಸಾಹೇಬರ ಮಣೆ ಇರುವಲ್ಲಿ, ನೆಲ ಪೂರಿಯಂತೆ ಉಬ್ಬಿತ್ತು. ಮರುದಿನ ಅದರ ಪಕ್ಕ ಇನ್ನೊಂದು. ಬೆರಳಿಂದ ಒತ್ತಿದರೆ ಒಡೆದು, ಒಳಗೆ ಒದ್ದೆ. ಉಳಿದ ನೆಲವೆಲ್ಲ ಕಲ್ಲಿನಂತಿತ್ತು, ಆ ಜಾಗ ಮಾತ್ರ ಎದ್ದೆದ್ದು ಬರುತ್ತಿತ್ತು. ಅದರ ಅಂಚಿಗೆ ಕಾಲು ಸಿಕ್ಕಿ ಸಾಹೇಬರು ಮುಗ್ಗರಿಸಿ ಬಿದ್ದರು. ಬಿದ್ದದ್ದು ಮೊದಲೇ ಊದಿದ ಮೊಣಕಾಲಿನ ಮೇಲೆ. ಬಿದ್ದದ್ದು ಭಾಭಿಯ ಎದುರಿಗೆ.

ಭಾಭಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರನ್ನು ಎಬ್ಬಿಸಿ ಕೂರಿಸಿ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ಶುಕ್ರಾರ ಜುಮ್ಮಾ ತನಕ ಕೈಯಾಗಿನ ಗಾಡಿ ಮುಗಸ್ರಿ. ನಮಾಜ ಆದ ಮ್ಯಾಲೆ ನಾ ಬರ್ತೀನಿ, ಕೀಲಿ ಹಾಕ್ಕೊಂಡು ಮನಿಗೆ ಹೋಗೂಣು" ಎಂದರು.

"ಆತು" ಎಂದರು ಮದಾರಸಾಬರು.

ಎಂಥ ಗಾಡಿ ಬಂದರೂ "ತಡೀರಿ, ನೋಡೂಣು" ಎನ್ನುತ್ತಿದ್ದ ಮನುಷ್ಯ ಅಷ್ಟೇ ಅಂದರು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಅಂಗಡಿಗೆ ಹೋಗಿ ಇಡೀ ದಿನ ಗಿರಾಕಿಗಳ ಮೇಲೆ ರೇಗಿದೆ.

ಗುರುವಾರ ಬೆಳಿಗ್ಗೆ ಸುಮ್ಮನಿರಲಾಗದೆ ಉಳಿ ಹಿಡಿದು ಶೆಡ್ಡಿಗೆ ಹೋದೆ. ಉಬ್ಬಿದ್ದನ್ನಾದರೂ ಕೆರೆದು ತೇಪೆ ಹಾಕೋಣ, ಹೋಗುವಾಗ ನೆಲ ನೆಟ್ಟಗಿರಲಿ ಎಂದು. ಸಾಹೇಬರು ಪಾನೆಗಳನ್ನು ಒರೆಸಿ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ನಾನು ಕೆರೆದೆ. ಸಡಿಲಾದದ್ದೆಲ್ಲ ಹಪ್ಪಳದಂತೆ ಎದ್ದು ಬಂತು, ಗಟ್ಟಿ ಇದ್ದಲ್ಲಿ ಉಳಿ ನಿಂತಿತು. ಕೆರೆದು ಮುಗಿಸಿ ನೋಡುತ್ತೇನೆ, ಉಳಿದ ಅಂಚು ನಾಲ್ಕೂ ಕಡೆ ನೆಟ್ಟಗಿದೆ. ದಾರ ಹಿಡಿದು ಗೆರೆ ಎಳೆದಂತೆ. ಪಸೆಗೆ ಮೂಲೆಗಳು ಎಲ್ಲಿಂದ ಬಂದವು?

ಹಿಂದಿನಿಂದ ಕೋಲಿನ ಸದ್ದು ಕೇಳಿತು. ಅವ್ವ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದ ನನ್ನ ಕುಣಿ ಅಲ್ಲೇನೋ?" ಎಂದಳು.

ನಮ್ಮದು ಮೊದಲು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯುವ ಮಗ್ಗ. ನನಗೆ ಬುದ್ಧಿ ಬರುವ ಮುಂಚೆಯೇ ಅಪ್ಪ ಕರೆಂಟಿನ ಮಗ್ಗ ತಂದು, ಕುಣಿಗೆ ಇಟ್ಟಿಗೆ ಚೂರು, ಮಣ್ಣು ತುಂಬಿ, ಮೇಲೆ ಕಾಂಕ್ರೀಟು ಹಾಕಿಸಿದ್ದನಂತೆ. ಆ ಸಡಿಲ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಪಸೆಯನ್ನು ಮೇಲಕ್ಕೆ ಕಳಿಸುತ್ತಿತ್ತು. ಎಣ್ಣೆ ಕುಡಿದ ಹಳೆಯ ನೆಲದಲ್ಲಿ ಅದು ಕಾಣುತ್ತಿರಲಿಲ್ಲ. ನಾವು ಮೇಲೆ ಗಟ್ಟಿ ಮುಚ್ಚಳ ಹಾಕಿದೆವು, ಅದು ಮುಚ್ಚಳವನ್ನೇ ಎತ್ತಿತು.

"ಅನ್ನಕ್ಕ ಒಂದ ಅಗಳ ಸಾಕೋ ಮಗನ. ನೆಲ ಏನ ಅನ್ನ ಆತೇನು?" ಎಂದಳು ಅವ್ವ. ಆ ಮಾತನ್ನು ಅಷ್ಟು ದಿನ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಆಮೇಲೆ ಕೋಲನ್ನು ಸಾಹೇಬರ ಮೊಣಕಾಲ ಕಡೆ ತಿರುಗಿಸಿದಳು. "ಮದಾರಪ್ಪಾ, ನನಕಿಂತ ಎಷ್ಟ ಸಣ್ಣಾಂವ ನೀ? ಇಲ್ಲಿ ನೋಡು." ಕೋಲನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಕೆಳಗೆ ಕೂತು, ಯಾರ ಆಸರೆಯೂ ಇಲ್ಲದೆ ಎದ್ದು ನಿಂತಳು. "ಮದಿವ್ಯಾಗಿ ಬಂದಾಗಿಂದ ಇಲ್ಲೇ ಕುಂತು ನೇದೀನಿ. ಕಾಲ ಇಳಿಬಿಟ್ಟು ಕುಂದರಾಕಿ ನಾ. ನೀ ಕಪ್ಪಿ ಹಂಗ ಕುಂದರ್ತಿ. ಮೊಣಕಾಲ ಉಳೀತಾವೇನು? ತೆಗಸೋ ಇದನ್ನ. ಬೈಕ ಅಂಚಿಗೆ ನಿಂದರ್ಸು, ನೀ ಕುಣಿಯಾಗ ಕಾಲ ಬಿಟ್ಟು ಕುಂದ್ರು."

ಸಾಹೇಬರು ಕೈಯಲ್ಲಿದ್ದ ಪಾನೆಯನ್ನು ಪೆಟ್ಟಿಗೆಗೆ ಹಾಕಲಿಲ್ಲ. ಕುಣಿಯ ಅಂಚನ್ನು ನೋಡಿದರು, ಎದುರಿಗಿದ್ದ ಸ್ಕೂಟರಿನ ಇಂಜಿನ್ನು ನೋಡಿದರು, ನೆಲದಿಂದ ಅದರ ಎತ್ತರಕ್ಕೆ ಗೇಣು ಹಾಕಿ ಅಳೆದರು.

"ತಡೀರಿ," ಎಂದರು. "ನೋಡೂಣು."

ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳೇಕೆ ಹೇಳಲಿ?

ಹಾರೆ ತಂದೆವು. ಓಣಿಯ ಮಂದಿಯೂ ಕೈ ಹಚ್ಚಿದರು. ಕಾಂಕ್ರೀಟು ಒಡೆದು, ಇಟ್ಟಿಗೆ ಚೂರು, ಕೆಸರು ತೆಗೆದಂತೆ ಒಳಗೆ ನಾಲ್ಕೂ ಕಡೆ ಹಳೆಯ ಕಲ್ಲು ಚಪ್ಪಡಿ ಹಾಗೆಯೇ ಇದ್ದವು. ತಳದ ಕಲ್ಲಿನಲ್ಲಿ ಎರಡು ಕಡೆ ನುಣುಪಾಗಿ ಸವೆದ ಗುಳಿ. ಅವ್ವನ ಹಿಮ್ಮಡಿ ಊರುತ್ತಿದ್ದ ಜಾಗ. ಮೂಲೆಯಲ್ಲಿ ಒಂದು ಮುರಿದ ಲಾಳಿ ಸಿಕ್ಕಿತು. ಅವ್ವ ಅದನ್ನು ಸೆರಗಿನಿಂದ ಒರೆಸಿ ಒಳಗೆ ಒಯ್ದಳು. ಬೈಗುಳ ಇಲ್ಲದ ಅವ್ವನನ್ನು ನಾನು ನೋಡಿದ್ದು ಅವತ್ತೇ.

ಶುಕ್ರವಾರ ನಮಾಜು ಮುಗಿದ ಮೇಲೆ ಭಾಭಿ ಬಂದರು. ನೇರ ಹೋಗಿ ಮೊಳೆಯಿಂದ ಕೀಲಿ ತೆಗೆದುಕೊಂಡರು. ತಿರುಗಿ ನೋಡಿದರೆ ಗಂಡ ಕುಕ್ಕರಗಾಲಲ್ಲಿ ಇಲ್ಲ. ಕುಣಿಯ ಅಂಚಿಗೆ, ಮಡಿಸಿದ ಗೋಣಿಚೀಲದ ಮೇಲೆ, ಕಟ್ಟೆಯ ಮೇಲೆ ಕೂತ ಗೌಡರಂತೆ ಕಾಲು ಇಳಿಬಿಟ್ಟು ಕೂತಿದ್ದಾರೆ. ಬೆನ್ನು ನೆಟ್ಟಗಿದೆ. ಸ್ಕೂಟರು ಎದುರಿಗೆ ನಿಂತಿದೆ, ಅದರ ಇಂಜಿನ್ನು ಸರಿಯಾಗಿ ಅವರ ಎದೆಯ ಮಟ್ಟಕ್ಕಿದೆ. ಪೆಟ್ರೋಲಿನ ಕೆಲಸವನ್ನೆಲ್ಲ ಹೊರಗೆ ಅಂಗಳದಲ್ಲೇ ಮುಗಿಸಿಕೊಂಡಿದ್ದರು, ಕುಣಿಯಲ್ಲಿ ಅದರ ಹೊಗೆ ತುಂಬಬಾರದೆಂದು.

ಭಾಭಿ ಕೀಲಿ ಹಿಡಿದು ನಿಂತೇ ಇದ್ದರು. ನಾನೂ ನಿಂತಿದ್ದೆ, ಅವ್ವನೂ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಆಗ ಸಾಹೇಬರ ಕೈತಪ್ಪಿ ಒಂದು ಸ್ಕ್ರೂ ಬಿತ್ತು. ಬೇಕೆಂದೇ ಬೀಳಿಸಿದರೋ, ತಾನಾಗಿ ಬಿತ್ತೋ, ನಾನು ಇವತ್ತಿಗೂ ಕೇಳಿಲ್ಲ. ಟಿಣ್ ಎಂದು ಬಿದ್ದು, ಆ ತಿಳಿ ಬೂದಿ ನೆಲದ ಮೇಲೆ ಉರುಳಿ, ಅವರ ಬಾಜೂಕೇ ನಿಂತಿತು. ಸಾಹೇಬರು ಬಗ್ಗಲಿಲ್ಲ, ಏಳಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ಎತ್ತಿಕೊಂಡರು.

ಭಾಭಿ ಸೆರಗಿನಿಂದ ಮುಖ ಒರೆಸಿಕೊಂಡರು. "ರಾತ್ರಿ ಇದನ್ನ ಹಿಂಗ ಬಾಯಿ ತೆಗದ ಬಿಡಾವರೇನು?" ಎಂದರು ಕುಣಿಯನ್ನು ತೋರಿಸಿ. "ಅವ್ವಾರು ಬೆಳಕ ಹರಿಯೂಕಿಂತ ಮೊದಲ ಬಂದು ನಿಂದರ್ತಾರ. ಕಾಲಗೀಲ ಹೋದ್ರ?"

ಅದೇ ಸಂಜೆ ಹಳೆಯ ಬಾಗಿಲಿನ ಹಲಗೆ ಕತ್ತರಿಸಿ ಕುಣಿಗೆ ಮುಚ್ಚಳ ಮಾಡಿ, ಕೊಂಡಿ ಬಡಿಸಿದೆವು. ಭಾಭಿ ಆ ಅಂಗೈ ಅಗಲದ ಕೀಲಿಯನ್ನು ತಾವೇ ಆ ಕೊಂಡಿಗೆ ಹಾಕಿ, ಜಗ್ಗಿ ನೋಡಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಇನ್ನು ಬೆಳಿಗ್ಗೆ ಕೊಡುತ್ತಾರೋ ಇಲ್ಲವೋ ಎಂದು ನನಗೆ ರಾತ್ರಿಯೆಲ್ಲ ಯೋಚನೆ.

ಮರುದಿನ ಪಾನೆಯ ಸದ್ದಿಗೂ ಮೊದಲು, ಅವ್ವನ ಬೈಗುಳಕ್ಕೂ ಮೊದಲು, ಕೊಂಡಿಯ ಸದ್ದು ಕೇಳಿತು. ಎದ್ದು ನೋಡಿದರೆ ಮದಾರಸಾಬರು ಇನ್ನೂ ಓಣಿಯ ತಿರುವಿನಲ್ಲಿ ನಿಧಾನವಾಗಿ ಬರುತ್ತಿದ್ದರು. ಭಾಭಿ ಅವರಿಗಿಂತ ಮುಂದೆ ಬಂದು, ಕುಣಿಯ ಮುಚ್ಚಳ ತೆಗೆದು, ಗೋಣಿಚೀಲ ಕೊಡವಿ ಅಂಚಿಗೆ ಹಾಸುತ್ತಿದ್ದರು.